ಎರಡು ವರ್ಷದ ಮಗುವಿಗೆ ಫೆಲ್ಟ್ ಗೊಂಬೆ: ಕತ್ತು ನಿಲ್ಲಬೇಕು, ಕಣ್ಣು ಕಿತ್ತು ಬರಬಾರದು

ಪ್ರಶ್ನೆ: ನನ್ನ ತಂಗಿಯ ಮಗಳಿಗೆ ಮುಂದಿನ ತಿಂಗಳು ಎರಡು ವರ್ಷ ತುಂಬುತ್ತದೆ. ನನ್ನ ಕೈಯಾರೆ ಒಂದು ಫೆಲ್ಟ್ ಗೊಂಬೆ ಮಾಡಿ ಕೊಡಬೇಕು ಅಂತ ಆಸೆ. ಸ್ಟೇಷನರಿ ಅಂಗಡಿಯಿಂದ ಫೆಲ್ಟ್ ಹಾಳೆ (ನೇಯದೆ ಮಾಡುವ ದಪ್ಪ ಬಟ್ಟೆ) ತಂದು ಒಂದು ಮಾಡಿಯೂ ನೋಡಿದೆ. ತಲೆ ಒಂದು ಕಡೆಗೆ ವಾಲುತ್ತದೆ. ಗಮ್ ಹಾಕಿ ಅಂಟಿಸಿದ ಕಣ್ಣು ಎರಡೇ ದಿನಕ್ಕೆ ಉದುರಿತು. ಮುಖ ತಿಳಿ ಗುಲಾಬಿ, ನಮ್ಮ ಮಗುವಿನ ಹಾಗೆ ಕಾಣುವುದೇ ಇಲ್ಲ. ಹೊಲಿಗೆ ಅಂದರೆ ನನಗೆ ಗುಂಡಿ ಹಾಕುವುದು, ಹೆಮ್ಮಿಂಗ್ ಮಾಡುವುದು ಅಷ್ಟೇ ಗೊತ್ತು. ಇಷ್ಟರಲ್ಲಿ ಆಗುತ್ತದಾ? ಕೆಟ್ಟುಹೋದ ಮೊದಲ ಗೊಂಬೆಯನ್ನು ಏನು ಮಾಡಲಿ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಆಗುತ್ತದೆ. ಗುಂಡಿ ಹಾಕಲು ಬರುವ ಕೈಗೆ ಫೆಲ್ಟ್ ಗೊಂಬೆ ಕಷ್ಟವಲ್ಲ. ಕತ್ತಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಣ್ಣಿನ ಮಾತಾಡೋಣ. ಅದು ನಿಮ್ಮ ಮನೆಯಲ್ಲೇ, ನಿಮ್ಮ ಎದುರಿಗೇ ಉದುರಿತಲ್ಲ, ಒಳ್ಳೆಯದಾಯಿತು.

ನಾನು ಹೊಲಿದ ಮೊದಲ ಗೊಂಬೆಗೆ ಅಂಗಿಯ ಕಪ್ಪು ಗುಂಡಿಗಳನ್ನೇ ಕಣ್ಣು ಮಾಡಿದ್ದೆ. ನಾಲ್ಕು ಸುತ್ತು ದಾರ ಹಾಕಿ ಬಿಗಿಯಾಗಿ ಹೊಲಿದಿದ್ದೆ. ಅಕ್ಕನ ಮಗನಿಗೆ ಆಗ ಒಂದೂವರೆ ವರ್ಷ. ಮೂರು ವಾರ ಏನೂ ಆಗಲಿಲ್ಲ. ಒಂದು ಸಂಜೆ ಗೊಂಬೆ ಹಿಡಿದುಕೊಂಡು ಬಾಯಿ ಮುಚ್ಚಿ ಸುಮ್ನೆ ಕೂತಿದ್ದ. ಮಾತಾಡಿಸಿದರೂ ಬಾಯಿ ಬಿಡುತ್ತಿಲ್ಲ. ಅಕ್ಕ ಗಲ್ಲ ಹಿಡಿದು ಬಾಯಿ ತೆರೆಸಿದಳು. ನಾಲಿಗೆಯ ಮೇಲೆ ಗುಂಡಿ ಇತ್ತು. ಗೊಂಬೆಯನ್ನು ತಿರುಗಿಸಿ ನೋಡಿದೆ. ನಾನು ಹಾಕಿದ ದಾರ ಹಾಗೇ ಗಟ್ಟಿಯಾಗಿತ್ತು. ಅದರ ಕೆಳಗಿನ ಫೆಲ್ಟು ಎಂಜಲಿಗೆ ನೆಂದು ನೆಂದು, ಸವೆದು ಕಿತ್ತು ಬಂದಿತ್ತು. ಆ ಗುಂಡಿ ಇವತ್ತಿಗೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಕಲಿಯಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ ಒಂದು ಪುಟ್ಟ ಕೊಳವೆ ಇರುತ್ತದೆ. ಅದರ ಬಾಯಿಯ ಅಗಲ 31.7 ಮಿ.ಮೀ. ಆಟಿಕೆಯಿಂದ ಕಳಚಿದ ಚೂರು ಅದರೊಳಗೆ ಪೂರ್ತಿ ಕೂತರೆ ಆ ಆಟಿಕೆ ಫೇಲ್. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಂಥ ನಾಣ್ಯವೇ ಆರಾಮಾಗಿ ಒಳಗೆ ಹೋಗುತ್ತದೆ ಅಂದಮೇಲೆ ಗುಂಡಿ, ಮಣಿಗಳ ಮಾತೇ ಬೇಡ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಅಂಗಡಿಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮನೆಯಲ್ಲಿ ಹೊಲಿದು ಉಡುಗೊರೆ ಕೊಡುವ ಗೊಂಬೆಯನ್ನು ಯಾರೂ ಬಂದು ನೋಡುವುದಿಲ್ಲ. ಆ ಕೆಲಸ ನಮ್ಮದೇ.

ಹಾಗಾಗಿ ನಿಮ್ಮ ಗೊಂಬೆಗೆ ಗಮ್ ಬೇಡ, ಗ್ಲೂ ಗನ್ ಬೇಡ, ಗುಂಡಿ, ಮಣಿ, ಚಮ್ಕಿ, ಅಲುಗಾಡುವ ಪ್ಲಾಸ್ಟಿಕ್ ಕಣ್ಣು ಯಾವುದೂ ಬೇಡ. ಸೇಫ್ಟಿ ಕಣ್ಣು ಅಂತ ಹಿಂದೆ ಬಿಲ್ಲೆ ಇರುವ ಕಣ್ಣು ಸಿಗುತ್ತವೆ. ಅವೂ ಬೇಡ. ಬಿಲ್ಲೆ ಗಟ್ಟಿ ಇರುತ್ತದೆ, ಫೆಲ್ಟ್ ಗಟ್ಟಿ ಇರುವುದಿಲ್ಲ. ಮುಖ ಪೂರ್ತಿ ದಾರದಲ್ಲೇ ಬರಲಿ.

ಈಗ ಬಟ್ಟೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸ್ಕೂಲ್ ಪ್ರಾಜೆಕ್ಟಿನ ಫೆಲ್ಟ್. ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ. ಅಕ್ಷರ ಕತ್ತರಿಸಿ ಬೋರ್ಡಿಗೆ ಅಂಟಿಸಲು ಅದು ಸರಿ. ಗೊಂಬೆ ಮಾಡಿ ಒಳಗೆ ತುಂಬಿದರೆ ದುಂಡಗಾಗುವುದಿಲ್ಲ, ಮೂಲೆಗಳಲ್ಲಿ ಮಡಿಕೆ ಬೀಳುತ್ತದೆ. ಟೈಲರಿಂಗ್ ಸಾಮಾನಿನ ಅಂಗಡಿಗೆ ಹೋಗಿ ‘ಸಾಫ್ಟ್ ಫೆಲ್ಟ್’ ಕೇಳಿ, ಒಂದೂವರೆ ಮಿ.ಮೀ. ದಪ್ಪದ್ದು. ಅಂಗಡಿಯಲ್ಲೇ ಒಂದು ಮೂಲೆ ಹಿಡಿದು ಎತ್ತಿ ನೋಡಿ. ಕರವಸ್ತ್ರದ ಹಾಗೆ ಜೋತು ಬೀಳಬೇಕು. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮಧ್ಯದಲ್ಲಿ ತೆಳ್ಳಗಾಗಿ ಬೆಳಕು ಕಂಡರೆ ಬಿಟ್ಟುಬಿಡಿ.

ನಮ್ಮ ಕಡೆ ಸಿಗುವ ಅಗ್ಗದ ಫೆಲ್ಟೆಲ್ಲ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ನಿಜವಾದ ಫೆಲ್ಟ್ ಅಂದರೆ ಉಣ್ಣೆಯದು. ಅದಕ್ಕೆ ಮಗ್ಗವೂ ಬೇಡ, ನೂಲೂ ಬೇಡ. ಕಾಶ್ಮೀರದ ನಮ್ದಾ ಹಾಸುಗಳು ಹೀಗೇ ಆಗುತ್ತವೆ. ಉಣ್ಣೆ ಹರಡಿ, ಸೋಪಿನ ನೀರು ಚಿಮುಕಿಸಿ, ಸುರುಳಿ ಸುತ್ತಿ ಉಜ್ಜುತ್ತಾರೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯ ಹಾಗೆ ಸಣ್ಣ ಪದರ ಇರುತ್ತದೆ. ನೀರು, ಸೋಪು, ಉಜ್ಜಾಟ ಸೇರಿದರೆ ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಗೆ ಆಗುತ್ತವೆ. ಒಳ್ಳೆಯ ಸ್ವೆಟರನ್ನು ಗೊತ್ತಿಲ್ಲದೆ ಬಿಸಿನೀರಿಗೆ ಹಾಕಿ, ಅದು ಕುಗ್ಗಿ ಮಗುವಿನ ಅಳತೆಗೆ ಬಂದ ಕಥೆ ಎಷ್ಟೋ ಮನೆಗಳಲ್ಲಿ ಇದೆ, ಅಲ್ವಾ? ಅದೇ ಫೆಲ್ಟ್.

ನಿಮ್ಮ ಮನೆಯಲ್ಲಿ ಹಳೆಯ ಉಣ್ಣೆ ಸ್ವೆಟರ್ ಇದ್ದರೆ ನನ್ನ ಆಯ್ಕೆ ಅದೇ. ಮೊದಲು ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಉಂಡೆಯಾದರೆ ಅಕ್ರಿಲಿಕ್, ಅದು ಎಷ್ಟು ಉಜ್ಜಿದರೂ ಫೆಲ್ಟ್ ಆಗುವುದಿಲ್ಲ. ಉಣ್ಣೆಯಾದರೆ ಕೈ ತಡೆಯುವಷ್ಟು ಬಿಸಿನೀರಿನ ಬಕೆಟ್ಟಿಗೆ ಹಾಕಿ, ಬಟ್ಟೆ ಸೋಪು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಹತ್ತು ಹದಿನೈದು ನಿಮಿಷ ಉಜ್ಜಿ. ತಣ್ಣೀರಲ್ಲಿ ಅದ್ದಿ, ಮತ್ತೆ ಬಿಸಿನೀರು. ಹೆಣಿಗೆಯ ಕಣ್ಣುಗಳು ಮುಚ್ಚಿಕೊಂಡು, ಕತ್ತರಿಸಿದರೆ ಎಳೆ ಬಿಡದ ಹಾಗೆ ಆದಾಗ ಸಾಕು. ಎಲ್ಲ ಸ್ವೆಟರೂ ಹೀಗೆ ಬಗ್ಗುವುದಿಲ್ಲ. ಮಷಿನ್‌ನಲ್ಲಿ ಒಗೆಯಲು ತಕ್ಕ ಹಾಗೆ ಹದ ಮಾಡಿದ ಉಣ್ಣೆ ಕುಗ್ಗುವುದೇ ಇಲ್ಲ. ಅದರ ಮೇಲೆ ಕೈ ನೋಯಿಸಿಕೊಳ್ಳಬೇಡಿ.

ಕಂಬಳಿ ತುಂಡು ಆಗುತ್ತದಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಕರಿ ಕಂಬಳಿ ಮಗ್ಗದಲ್ಲಿ ನೇಯ್ದದ್ದು, ಅಂಚು ಬಿಚ್ಚಿಕೊಳ್ಳುತ್ತದೆ. ಮೇಲಾಗಿ ಎಳೆ ಒರಟು, ಎರಡು ವರ್ಷದ ಕೆನ್ನೆಗೆ ಚುಚ್ಚುತ್ತದೆ. ಗೊಂಬೆಗೆ ಹೊದಿಸುವ ಪುಟ್ಟ ಹೊದಿಕೆ ಮಾಡಿದರೆ ಮಾತ್ರ ತುಂಬಾ ಚೆನ್ನಾಗಿರುತ್ತದೆ.

ಬಣ್ಣದ ವಿಷಯ ನೀವು ಕೇಳಿದ್ದು ನನಗೆ ತುಂಬಾ ಹಿಡಿಸಿತು. ಅಂಗಡಿಯಲ್ಲಿ ‘ಸ್ಕಿನ್ ಕಲರ್’ ಅಂದರೆ ಆ ತಿಳಿ ಗುಲಾಬಿಯನ್ನೇ ಕೊಡುತ್ತಾರೆ. ಯಾರ ಚರ್ಮ ಅದು? ಬಿಸ್ಕತ್ತು ಬಣ್ಣ, ಬೆಲ್ಲದ ಬಣ್ಣ, ಕಾಫಿ ಬಣ್ಣ ಅಂತ ಹೇಳಿ ಕೇಳಿ. ಮಗುವಿನ ಮುಂಗೈಯ ಒಂದು ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು, ಬಟ್ಟೆಯನ್ನು ಅಂಗಡಿ ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ಕಂದು ಬಣ್ಣಗಳೆಲ್ಲ ಒಂದೇ ಥರ ಕಾಣುತ್ತವೆ. ಎರಡು ಬಣ್ಣದ ನಡುವೆ ಅನುಮಾನ ಬಂದರೆ ಗಾಢವಾದದ್ದನ್ನೇ ತನ್ನಿ. ಅದರ ಮೇಲೆ ಬಿಳಿ, ಕೆಂಪು ದಾರಗಳು ಎದ್ದು ಕಾಣುತ್ತವೆ.

ತಂದ ಕೂಡಲೇ ಪ್ರತಿ ಬಣ್ಣದ ತುಂಡಿನ ಮೇಲೂ ಒದ್ದೆ ಬಿಳಿ ಬಟ್ಟೆ ಉಜ್ಜಿ. ಕೆಂಪು, ಕಡುನೀಲಿ ಬಣ್ಣ ಬಿಡುವುದು ಜಾಸ್ತಿ. ಬಣ್ಣ ಬಿಡುವ ಫೆಲ್ಟ್ ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಬೇಡವೇ ಬೇಡ.

ಇನ್ನು ಕತ್ತು. ಹೆಚ್ಚಿನವರು ತಲೆ ಒಂದು ತುಂಡು, ಮೈ ಒಂದು ತುಂಡು ಕತ್ತರಿಸಿ ಆಮೇಲೆ ಸೇರಿಸುತ್ತಾರೆ. ತಲೆಯ ಭಾರವೆಲ್ಲ ಒಂದು ಸಾಲು ಹೊಲಿಗೆಯ ಮೇಲೆ ಬೀಳುತ್ತದೆ. ಅದು ವಾಲದೆ ಇನ್ನೇನು ಮಾಡೀತು? ನೀವು ತಲೆ, ಕತ್ತು, ಮೈ ಮೂರನ್ನೂ ಒಂದೇ ತುಂಡಾಗಿ ಕತ್ತರಿಸಿ. ಮುಂದೊಂದು, ಹಿಂದೊಂದು. ತಲೆ 8 ಸೆಂ.ಮೀ. ಅಗಲ ಇದ್ದರೆ ಕತ್ತು 5 ಸೆಂ.ಮೀ.ಗಿಂತ ಕಡಿಮೆ ಆಗಬಾರದು. ಕಾಗದದ ಮೇಲೆ ಬರೆದಾಗ ಇದು ಪೈಲ್ವಾನನ ಕತ್ತಿನ ಹಾಗೆ ಕಾಣುತ್ತದೆ. ಹೆದರಬೇಡಿ. ಚಪ್ಪಟೆ ಬಟ್ಟೆ ಒಳಗೆ ತುಂಬಿ ದುಂಡಗಾದಾಗ ಅಗಲ ಕಡಿಮೆಯಾಗುತ್ತದೆ. 5 ಸೆಂ.ಮೀ.ನಲ್ಲಿ ಎರಡೂ ಕಡೆ ಹೊಲಿಗೆಗೆ ಮೂರು ಮೂರು ಮಿ.ಮೀ. ಹೋದರೆ ಉಳಿಯುವುದು 4.4. ಮುಂದೆ ಹಿಂದೆ ಸೇರಿ ಸುತ್ತಳತೆ 8.8. ಅದು ದುಂಡಗಾದರೆ ದಪ್ಪ ಬರೀ 2.8 ಸೆಂ.ಮೀ. ತೋಳಿಗೂ ಇದೇ ಲೆಕ್ಕ. 3 ಸೆಂ.ಮೀ. ಅಗಲ ಕತ್ತರಿಸಿದರೆ ತುಂಬಿದ ಮೇಲೆ ಒಂದೂವರೆ ಸೆಂ.ಮೀ. ದಪ್ಪದ ತೋಳು ಸಿಗುತ್ತದೆ. ಎರಡು ವರ್ಷದ ಮಗುವಿನ ಮುಷ್ಟಿಗೆ ಅದು ಸರಿಯಾದ ಅಳತೆ. ಮಕ್ಕಳು ಗೊಂಬೆಯನ್ನು ತೋಳು ಹಿಡಿದೇ ಎಳೆದುಕೊಂಡು ಹೋಗುವುದು.

ಒಟ್ಟು ಎತ್ತರ 22ರಿಂದ 25 ಸೆಂ.ಮೀ. ಇರಲಿ. ಹಳೆಯ ಕ್ಯಾಲೆಂಡರ್ ಹಾಳೆಯನ್ನು ಉದ್ದಕ್ಕೆ ಮಡಚಿ ಅರ್ಧ ಗೊಂಬೆ ಬರೆದು ಕತ್ತರಿಸಿ, ಬಿಡಿಸಿದರೆ ಎಡ ಬಲ ಸಮ ಬರುತ್ತದೆ. ಆ ಕಾಗದವನ್ನು ಫೆಲ್ಟಿನ ಮೇಲಿಟ್ಟು ಟೈಲರ್ ಚಾಕ್‌ನಲ್ಲಿ ಗೆರೆ ಎಳೆಯಿರಿ. ಬಾಲ್‌ಪೆನ್ ಬೇಡ, ಒಗೆದಾಗ ಹರಡುತ್ತದೆ. ಕತ್ತರಿ ಚೂಪಾಗಿರಬೇಕು. ಕಾಗದ ಕತ್ತರಿಸಿ ಮೊಂಡಾದ ಕತ್ತರಿ ಫೆಲ್ಟನ್ನು ಜಗಿಯುತ್ತದೆ.

ಜರ್ಮನಿಯ ಗೀಂಗೆನ್ ಊರಿನ ಮಾರ್ಗರೆಟೆ ಸ್ಟೈಫ್ ಅವರಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಕಾಲಿನ ಬಲ ಹೋಗಿತ್ತು. ಬಲಗೈಯೂ ಸರಿಯಾಗಿ ಏಳುತ್ತಿರಲಿಲ್ಲ. 1880ರಲ್ಲಿ ಅವರು ಸೂಜಿ ಚುಚ್ಚಿಡಲು ಅಂತ ಫೆಲ್ಟಿನ ಪುಟ್ಟ ಆನೆಗಳನ್ನು ಹೊಲಿದರು. ಮಕ್ಕಳು ಅವನ್ನೇ ಎತ್ತಿಕೊಂಡು ಆಡಲು ಶುರು ಮಾಡಿದರು. ಮುಂದೆ ಜಗತ್ತಿಗೇ ಗೊತ್ತಾದ ಅವರ ಆಟಿಕೆ ಕಂಪನಿ ಬೆಳೆದದ್ದು ಅಲ್ಲಿಂದ. ಹೊಲಿಗೆ ಸ್ವಲ್ಪವೇ ಬರುತ್ತದೆ ಅನ್ನುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ. ಫೆಲ್ಟಿಗೆ ಅಂಚು ಮಡಚುವ ಕೆಲಸ ಇಲ್ಲ. ಎಳೆ ಬಿಚ್ಚುವುದಿಲ್ಲ, ಒಳಗಿನದನ್ನು ಹೊರಗೆ ತಿರುಗಿಸುವ ತಾಪತ್ರಯ ಇಲ್ಲ. ಎರಡು ತುಂಡು ಜೋಡಿಸಿ ಹೊರಗಿನಿಂದಲೇ ಹೊಲಿಯುತ್ತಾ ಹೋಗುವುದು.

ಹೊಲಿಗೆ ಬ್ಲಾಂಕೆಟ್ ಸ್ಟಿಚ್. ಕೈಯಲ್ಲಿ ಕಾಜಾ ಹಾಕುವುದನ್ನು ನೋಡಿದ್ದೀರಲ್ಲ, ಅದೇ ಕೈ, ಸ್ವಲ್ಪ ದೂರ ದೂರ. ಸೂಜಿ ಅಂಚಿನಿಂದ 3 ಮಿ.ಮೀ. ಒಳಗೆ ಇಳಿಯಲಿ, ಹೊಲಿಗೆಯಿಂದ ಹೊಲಿಗೆಗೂ ಅಷ್ಟೇ ದೂರ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ, ಮೂರನ್ನು ಬಿಡಿಸಿಕೊಳ್ಳಿ. ಒಂದು ಸಲಕ್ಕೆ ಒಂದು ಮೊಳ ದಾರ ಸಾಕು. ಉದ್ದ ಜಾಸ್ತಿಯಾದರೆ ಸಿಕ್ಕು ಬೀಳುತ್ತದೆ, ಫೆಲ್ಟಿನ ಮೂಲಕ ಹಾದು ಹಾದು ದಾರವೇ ಜುಂಗಾಗುತ್ತದೆ. ಗಂಟುಗಳೆಲ್ಲ ಒಳಗಡೆ ಇರಲಿ. ತುಂಬಾ ಬಿಗಿಯಾಗಿ ಎಳೆಯಬೇಡಿ, ಅಂಚು ಅಲೆ ಅಲೆಯಾಗುತ್ತದೆ.

ಆದರೆ ಮುಂದೆ ಹಿಂದೆ ಸೇರಿಸುವ ಮುಂಚೆ ಮುಖ ಮುಗಿಸಬೇಕು. ತುಂಬಿ ಮುಗಿದ ತಲೆಯ ಮೇಲೆ ಕಸೂತಿ ಹಾಕಲು ಹೋದರೆ ಗಂಟು ಎಲ್ಲಿ ಮುಚ್ಚಿಡುತ್ತೀರಿ? ಇನ್ನೊಂದು, ಕಣ್ಣನ್ನು ಹಣೆಯ ಹತ್ತಿರ ಇಟ್ಟರೆ ದೊಡ್ಡವರ ಮುಖವಾಗುತ್ತದೆ. ತಲೆಯ ಎತ್ತರದ ಅರ್ಧಕ್ಕಿಂತ ತುಸು ಕೆಳಗೆ ಇಡಿ, ಎರಡರ ನಡುವೆ ದೂರ ಜಾಸ್ತಿ ಇರಲಿ. ಆಗ ಮಗುವಿನ ಮುಖ ಬರುತ್ತದೆ. ಹೊಲಿಯುವ ಮುಂಚೆ ಎರಡು ಸಾಸಿವೆ ಕಾಳು ಇಟ್ಟು, ಅಲ್ಲಿಂದಿಲ್ಲಿಗೆ ಸರಿಸುತ್ತಾ ನೋಡಿ. ಒಂದು ಗೆರೆಯಷ್ಟು ಸರಿಸಿದರೂ ಸಿಟ್ಟಿನ ಮುಖ ನಗುಮುಖ ಆಗುವುದು ಕಾಣುತ್ತದೆ. ಒಪ್ಪಿದ ಜಾಗಕ್ಕೆ ಚಾಕ್ ಚುಕ್ಕೆ ಇಟ್ಟು, ಕಾಳುಗಳನ್ನು ಎಣಿಸಿ ತೆಗೆಯಿರಿ.

ಕಣ್ಣಿಗೆ ಕಪ್ಪು ದಾರದಲ್ಲಿ ಒತ್ತೊತ್ತಾಗಿ ತುಂಬು ಹೊಲಿಗೆ ಹಾಕಿ ಹೆಸರುಕಾಳಿನಷ್ಟು ದೊಡ್ಡ ಚುಕ್ಕೆ ಮಾಡಿ. ಅದರ ಒಂದು ಪಕ್ಕದಲ್ಲಿ ಬಿಳಿ ದಾರದ ಒಂದೇ ಒಂದು ಕುಟುಕು. ಅಷ್ಟಕ್ಕೇ ಕಣ್ಣಿಗೆ ಜೀವ ಬರುತ್ತದೆ. ಇಟಲಿಯ ಟ್ಯೂರಿನ್‌ನಲ್ಲಿ 1919ರಲ್ಲಿ ಶುರುವಾದ ಲೆಂಚಿ ಗೊಂಬೆಗಳ ಮುಖವೂ ಫೆಲ್ಟೇ, ಅಚ್ಚಿಗೆ ಒತ್ತಿ ಉಬ್ಬಿಸಿದ್ದು. ಅವುಗಳಲ್ಲಿ ಎಷ್ಟೋ ಗೊಂಬೆಗಳು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡುತ್ತಿರುತ್ತವೆ. ಏನೋ ತುಂಟತನಕ್ಕೆ ಹೊಂಚು ಹಾಕಿದ ಹಾಗೆ. ನಿಮ್ಮ ಗೊಂಬೆಗೂ ಎರಡೂ ಕಣ್ಣಿನ ಬಿಳಿ ಕುಟುಕನ್ನು ಒಂದೇ ಪಕ್ಕಕ್ಕೆ ಇಡಿ, ಆ ನೋಟ ಬರುತ್ತದೆ. ಮೂಗು ಬೇಕಾಗಿಲ್ಲ. ಬಾಯಿಗೆ ಬ್ಯಾಕ್ ಸ್ಟಿಚ್‌ನಲ್ಲಿ (ಸೂಜಿಯನ್ನು ಪ್ರತಿ ಸಲ ಒಂದು ಹೊಲಿಗೆ ಹಿಂದಕ್ಕೆ ಇಳಿಸಿ ಮುಂದೆ ತೆಗೆಯುವ ಹೊಲಿಗೆ) ಸಣ್ಣ ಕಮಾನು ಸಾಕು.

ಹಣೆಗೆ ಬೊಟ್ಟು ಇಡದೆ ನಮ್ಮ ಗೊಂಬೆ ಪೂರ್ತಿ ಆಗುತ್ತದಾ? ಅಂಟಿಸುವ ಸ್ಟಿಕ್ಕರ್ ಮಾತ್ರ ಬೇಡ, ಅದು ಸೀದಾ ಬಾಯಿಗೆ ಹೋಗುತ್ತದೆ. ಕೆಂಪು ದಾರದಲ್ಲಿ ಒಂದು ಪುಟ್ಟ ಚುಕ್ಕೆ ಹೊಲಿಯಿರಿ. ಬಳೆಗೆ ಮುಂಗೈ ಸುತ್ತ ಹಸಿರು ದಾರದ ಚೈನ್ ಸ್ಟಿಚ್ (ಸರಪಳಿಯ ಹಾಗೆ ಕುಣಿಕೆಯೊಳಗೆ ಕುಣಿಕೆ ಬರುವ ಹೊಲಿಗೆ) ಎರಡು ಸಾಲು. ಕೂದಲಿಗೆ ಉಲನ್ ದಾರ ಬೇಡ. ಮಗು ಎಳೆ ಎಳೆಯಾಗಿ ಕಿತ್ತು ಬಾಯಿಗೆ ಹಾಕುತ್ತದೆ, ಕುಣಿಕೆಗೆ ಬೆರಳೂ ಸಿಕ್ಕಿಕೊಳ್ಳಬಹುದು. ಕಪ್ಪು ಫೆಲ್ಟನ್ನೇ ಟೋಪಿಯ ಹಾಗೆ ಕತ್ತರಿಸಿ ತಲೆಗೆ ಹೊಲಿದು, ಬೈತಲೆಗೆ ಒಂದು ಗೆರೆ ಹೊಲಿಗೆ ಹಾಕಿ. ಜಡೆ ಬೇಕೇ ಬೇಕು ಅಂದರೆ ಮೂರು ಫೆಲ್ಟ್ ಪಟ್ಟಿ ಹೆಣೆದು 6 ಸೆಂ.ಮೀ. ಉದ್ದದ ಜಡೆ ಮಾಡಿ, ಎರಡೂ ತುದಿಯನ್ನು ತಲೆಗೇ ಹೊಲಿದು ಮಡಚು ಜಡೆ ಮಾಡಿಬಿಡಿ. ಅದರ ಮೇಲೆ ಬಿಳಿ ದಾರದಲ್ಲಿ ಸಾಲಾಗಿ ಫ್ರೆಂಚ್ ನಾಟ್ ಹಾಕಿ. ಸೂಜಿಗೆ ದಾರ ಎರಡು ಸುತ್ತು ಸುತ್ತಿ, ಅದೇ ಜಾಗದ ಪಕ್ಕಕ್ಕೆ ಇಳಿಸಿದರೆ ಒಂದು ಮೊಗ್ಗು. ಹದಿನೈದು ಇಪ್ಪತ್ತು ಗಂಟು ಆದ ಮೇಲೆ ನೋಡಿ, ಥೇಟ್ ಮಲ್ಲಿಗೆ ದಂಡೆ. ನಾನು ಕಲಿಸಿದವರಿಗೆಲ್ಲ ಗೊಂಬೆಯಲ್ಲಿ ಅತಿ ಇಷ್ಟವಾಗುವ ಜಾಗ ಇದೇ.

ತೋಳು, ಕಾಲುಗಳನ್ನು ಮೊದಲೇ ಹೊಲಿದು ತುಂಬಿಟ್ಟುಕೊಳ್ಳಿ. ಅವುಗಳ ತೆರೆದ ಬಾಯಿ ಮೈಯ ಎರಡು ಪದರದ ನಡುವೆ ಒಂದು ಸೆಂ.ಮೀ. ಒಳಗೆ ಹೋಗಬೇಕು. ಮುಂದಿನ ಪದರ, ತೋಳು, ಹಿಂದಿನ ಪದರ ಎಲ್ಲದರ ಮೂಲಕ ಬ್ಯಾಕ್ ಸ್ಟಿಚ್ ಎರಡು ಸಾಲು. ಅದರ ಮೇಲೆ ಬ್ಲಾಂಕೆಟ್ ಸ್ಟಿಚ್ ಬರಲಿ.

ತುಂಬಲು ಹಾಸಿಗೆ ಅಂಗಡಿಯಲ್ಲಿ ರೆಕ್ರಾನ್ ಅಂತ ಸಿಗುವ ಫೈಬರ್ 100 ಗ್ರಾಂ ತನ್ನಿ, ಅದರಲ್ಲೂ ಉಳಿಯುತ್ತದೆ. ಹತ್ತಿ ಒಗೆದಾಗ ಗಂಟು ಕಟ್ಟುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಒಣಗದೆ ಬೂಷ್ಟು ಹಿಡಿಯುತ್ತದೆ. ಬೂರುಗದ ಹತ್ತಿ ಮೆತ್ತಗೆ ಹಗುರ ನಿಜ, ಆದರೆ ಹೊಲಿಗೆಯ ಸಂದಿಯಿಂದ ನವಿರಾಗಿ ಹಾರಿ ಮೂಗಿಗೆ ಹೋಗುತ್ತದೆ. ಅಕ್ಕಿ, ರಾಗಿ ತುಂಬಿದರೆ ಹುಳ ಬೀಳುತ್ತದೆ. ತುಂಬುವ ಬಾಯಿ ಮೈಯ ಒಂದು ಪಕ್ಕದಲ್ಲಿ, ತೋಳಿನ ಕೆಳಗೆ ಇರಲಿ. ಒಂದು ಚಿಟಿಕೆ, ಇನ್ನೊಂದು ಚಿಟಿಕೆ ಅಂತ ನಿಂಬೆಹಣ್ಣಿಗಿಂತ ಚಿಕ್ಕ ಚೂರುಗಳಲ್ಲೇ ತುಂಬಬೇಕು. ಪೆನ್ಸಿಲಿನ ಮೊಂಡು ತುದಿಯಿಂದ ಮೊದಲು ತಲೆ, ಕೆನ್ನೆಯ ಕಡೆ ಸ್ವಲ್ಪ ಜಾಸ್ತಿ. ಆಮೇಲೆ ಕತ್ತು. ಇಲ್ಲಿ ಅವಸರ ಬೇಡ. ಕತ್ತಿನಲ್ಲಿ ಹೆಬ್ಬೆರಳು ಒತ್ತಿದರೆ ಕ್ಯಾರೆಟ್ಟಿನಷ್ಟು ಗಟ್ಟಿ ಅನ್ನಿಸುವ ತನಕ ತುಂಬಿ. ಮೈ ಮೆತ್ತಗಿದ್ದರೂ ನಡೆಯುತ್ತದೆ, ಮಗು ಅಪ್ಪಿಕೊಳ್ಳುವುದು ಅದನ್ನೇ. ಕತ್ತು ನಿಲ್ಲಲಿ ಅಂತ ಒಳಗೆ ಕಡ್ಡಿ, ತಂತಿ ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ. ಮಗು ಗೊಂಬೆಯ ಮೇಲೆ ಬೀಳುತ್ತದೆ, ತಂತಿ ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ.

ಬಟ್ಟೆಗೆ ಮಗುವಿನದೇ ಹಳೆಯ ಫ್ರಾಕು ಅಥವಾ ನಿಮ್ಮಮ್ಮನ ಹಳೆಯ ಕಾಟನ್ ಸೀರೆಯ ತುಂಡು ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಜರಿ ಇರುವ ಅಂಚು ಚುಚ್ಚುತ್ತದೆ, ಅದನ್ನು ಬಿಡಿ. ಎರಡು ವರ್ಷಕ್ಕೆ ಲಂಗವನ್ನು ಸೊಂಟಕ್ಕೇ ಹೊಲಿದುಬಿಡಿ. ನಾಲ್ಕೈದು ವರ್ಷ ಆದಾಗ ಬಿಚ್ಚಿ, ಎಲಾಸ್ಟಿಕ್ ಹಾಕಿ ಹಾಕಿ-ತೆಗೆಯುವ ಹಾಗೆ ಮಾಡಿಕೊಡಬಹುದು. ವೆಲ್ಕ್ರೋ ಬೇಡ, ಅದರ ಮುಳ್ಳು ತಗುಲಿದ ಕಡೆಯೆಲ್ಲ ಫೆಲ್ಟ್ ಕೆದರಿ ಉಂಡೆ ಏಳುತ್ತದೆ.

ಮುಗಿದ ಮೇಲೆ ಒಂದು ದಿನ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಶುರು ಮಾಡುವಾಗ ಎಷ್ಟು ಗುಂಡುಸೂಜಿ ಇದ್ದವೋ ಎಣಿಸಿ ಬರೆದಿಡಿ, ಕೊನೆಗೆ ಮತ್ತೆ ಎಣಿಸಿ. ಒಂದು ಕಡಿಮೆ ಬಂದರೂ ಅದು ಸಿಗುವ ತನಕ ಗೊಂಬೆ ಕೊಡಬಾರದು. ಲೆಕ್ಕ ಸರಿ ಬಂದರೂ ನಾನು ಗೊಂಬೆಯನ್ನು ಒತ್ತಿ ಒತ್ತಿ, ಗಟ್ಟಿ ಮ್ಯಾಗ್ನೆಟ್ ಒಂದನ್ನು ಮೈಯೆಲ್ಲಾ ಆಡಿಸಿ ನೋಡುತ್ತೇನೆ. ಆಮೇಲೆ 5 ಕೆಜಿ ಅಕ್ಕಿ ಚೀಲವನ್ನು ಗೊಂಬೆಯ ಒಂದು ಕೈಗೆ ಕಟ್ಟಿ ಎತ್ತಿ ಹತ್ತು ಎಣಿಸುತ್ತೇನೆ. ಇನ್ನೊಂದು ಕೈ, ಎರಡು ಕಾಲು, ಎಲ್ಲಕ್ಕೂ. ಹೊಲಿಗೆ ಬಾಯಿ ಬಿಟ್ಟರೆ ಅಲ್ಲಿ ಮತ್ತೆ ಎರಡು ಸಾಲು. ಹರಿದದ್ದು ಬಟ್ಟೆಯೇ ಆದರೆ ಆ ಫೆಲ್ಟ್ ಮಗುವಿನ ಕೈಗೆ ಲಾಯಕ್ಕಿಲ್ಲ.

ತಂಗಿಗೆ ಒಗೆಯುವ ವಿಧಾನವನ್ನೂ ಹೇಳಿಕೊಡಿ. ತಣ್ಣೀರು, ಸ್ವಲ್ಪ ಅಂಟುವಾಳದ ನೊರೆ ಅಥವಾ ಮಗುವಿನ ಸೋಪು, ಕೈಯಲ್ಲಿ ಒತ್ತಿ ಒಗೆಯುವುದು. ಹಿಂಡಬಾರದು, ಟವೆಲ್ಲಿನಲ್ಲಿ ಸುತ್ತಿ ಅದುಮಿ ನೆರಳಲ್ಲಿ ಒಣಗಿಸಬೇಕು. ಇಸ್ತ್ರಿ ತಾಗಿಸಬಾರದು, ಪಾಲಿಯೆಸ್ಟರ್ ಫೆಲ್ಟ್ ಕರಗುತ್ತದೆ. ಉಣ್ಣೆಯದಾದರೆ ನುಸಿ ಹಿಡಿಯಬಹುದು. ಆದರೂ ಪೆಟ್ಟಿಗೆಗೆ ನುಸಿಗುಳಿಗೆ ಹಾಕಲೇಬೇಡಿ. ಅದು ಮಕ್ಕಳಿಗೆ ವಿಷ. ಒಣಗಿದ ಬೇವಿನ ಸೊಪ್ಪು ಬಟ್ಟೆಯಲ್ಲಿ ಕಟ್ಟಿಟ್ಟು, ಆಗಾಗ ಬಿಸಿಲಿಗೆ ಹಾಕಿದರೆ ಸಾಕು.

ಮೊದಲ ಗೊಂಬೆಯನ್ನು ಎಸೆಯಬೇಡಿ. ಅಂಟಿಸಿದ ಚೂರುಗಳನ್ನೆಲ್ಲ ಕಿತ್ತು ಕಸಕ್ಕೆ ಹಾಕಿ. ಹೊಲಿಗೆ ಬಿಚ್ಚಿ ಒಳಗಿನ ಫೈಬರ್ ತೆಗೆದಿಟ್ಟುಕೊಳ್ಳಿ, ಹೊಸದಕ್ಕೆ ಬರುತ್ತದೆ. ಆ ಗುಲಾಬಿ ಫೆಲ್ಟನ್ನು ಬ್ಲಾಂಕೆಟ್ ಸ್ಟಿಚ್ ಮತ್ತು ಫ್ರೆಂಚ್ ನಾಟ್ ಕಲಿಯಲು ಬಳಸಿ. ಮೂವತ್ತು ಗಂಟು ಅದರ ಮೇಲೆ ಹಾಕಿದ ಮೇಲೆ ನಿಜವಾದ ಮುಖಕ್ಕೆ ಕೈ ಹಾಕಿ. ದಿನಾ ಸಂಜೆ ಒಂದು ಗಂಟೆ ಕೂತರೆ ಎರಡು ವಾರದಲ್ಲಿ ಮುಗಿಯುತ್ತದೆ, ಹುಟ್ಟುಹಬ್ಬಕ್ಕೆ ಇನ್ನೂ ದಿನ ಉಳಿದಿರುತ್ತದೆ. ಕೊನೆಗೆ ಮೈ ಬಣ್ಣದ ಫೆಲ್ಟಿನ ಒಂದು ಅಂಗೈಯಗಲದ ತುಂಡು ಮತ್ತು ಅದೇ ಕಸೂತಿ ದಾರ ಒಂದಿಷ್ಟನ್ನು ಲಕೋಟೆಯಲ್ಲಿಟ್ಟು ತಂಗಿಯ ಕೈಗೆ ಕೊಡಿ. ಆರು ತಿಂಗಳಲ್ಲಿ ಗೊಂಬೆಯ ಮೊಣಕೈ ಸವೆಯುತ್ತದೆ, ಆಗ ತೇಪೆ ಹಾಕಲು ಬೇಕಾಗುತ್ತದೆ.